ಪಟದಲ್ಲಿ ಬಾಬಾಸಾಹೇಬರು ಸೂಟು ತೊಟ್ಟಿರುವುದೇಕೆ?

ಶಹಾಬಾದ, ವಾಡಿ, ಚಿತ್ತಾಪುರದ ಮನೆಗಳಲ್ಲಿರುವ ಅಂಬೇಡ್ಕರ್ ಪಟವನ್ನು ಹತ್ತಿರದಿಂದ ನೋಡಿ: ನೀಲಿ ಕೋಟು, ಕೆಂಪು ಟೈ, ಜೇಬಿನಲ್ಲಿ ಪೆನ್ನು. ದಲಿತರು ಒಳ್ಳೆ ಬಟ್ಟೆ ತೊಟ್ಟರೆ, ಚಪ್ಪಲಿ ಮೆಟ್ಟಿದರೆ ಸಹಿಸದ ಊರುಗಳಿಗೆ ಆ ಕೋಟೇ ಗಟ್ಟಿ ಉತ್ತರ. ಗಾಂಧೀಜಿ 1921ರಲ್ಲಿ ಮದುರೈಯಲ್ಲಿ ಅಂಗಿ ಬಿಟ್ಟರು, ಅದು ಅವರ ಆಯ್ಕೆ. ದಲಿತರಿಗೆ ಅರೆಬತ್ತಲೆ ಇರುವುದು ಮೇಲಿನವರು ಹೇರಿದ ಕಟ್ಟಳೆಯಾಗಿತ್ತು. ನೀಲಿಯೋ, 1942ರಲ್ಲಿ ಬಾಬಾಸಾಹೇಬರು ಕಟ್ಟಿದ ಪರಿಶಿಷ್ಟ ಜಾತಿಗಳ ಒಕ್ಕೂಟದ ಬಾವುಟದ ಬಣ್ಣ.

ಇನ್ನು ಪಟದ ಭಂಗಿ. ಒಂದು ಕೈಯಲ್ಲಿ ಸಂವಿಧಾನ, ಇನ್ನೊಂದು ಕೈಯ ತೋರುಬೆರಳು ಮುಂದಕ್ಕೆ: ಬಿ.ವಿ. ವಾಘ್ ರೂಪಿಸಿದ, 1967ರ ಏಪ್ರಿಲ್ 2ರಂದು ಸಂಸತ್ ಆವರಣದಲ್ಲಿ ಅನಾವರಣಗೊಂಡ ಕಂಚಿನ ಪ್ರತಿಮೆಯಲ್ಲೂ ಇದೇ ಭಂಗಿ. ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲ್‌ನಲ್ಲಿರುವ ಅವರ ಭಾವಚಿತ್ರ ಬರೆದವರು ಜೇಬಾ ಅಮರೋಹವಿ. ಅದು ಅನಾವರಣಗೊಂಡದ್ದು 1990ರ ಏಪ್ರಿಲ್ 12ರಂದು, ಭಾರತ ರತ್ನ ಸಂದ ವರ್ಷವೇ.