ಫಾಸ್ಟರ್ ಕೇರ್‌ನಲ್ಲಿರುವಾಗಲೇ ತಾಯಿಯಾದರೆ ಮಗು ಯಾರ ಪಾಲಿಗೆ? ಅಮೆರಿಕದ ಕಾನೂನು ಹೇಳುವುದೇನು?

ಹೆತ್ತವರ ಆಸರೆ ಸಿಗದ ಮಕ್ಕಳು ಸರ್ಕಾರದ ರಕ್ಷಣೆಯಲ್ಲಿ ಬೇರೊಂದು ಕುಟುಂಬದಲ್ಲಿ ಬೆಳೆಯುವ ವ್ಯವಸ್ಥೆಯೇ ಫಾಸ್ಟರ್ ಕೇರ್. ಅಮೆರಿಕದಲ್ಲಿ ಹೀಗೆ ಬೆಳೆಯುತ್ತಿರುವ ಹುಡುಗಿಯೇ ತಾಯಿಯಾದರೆ ಆಕೆಯ ಮಗುವೂ ಸರ್ಕಾರದ ವಶಕ್ಕೆ ಹೋಗುತ್ತದೆಯೇ?

ಇಲ್ಲ. ತಾಯಿ ಫಾಸ್ಟರ್ ಕೇರ್‌ನಲ್ಲಿದ್ದಾಳೆ ಎಂದ ಮಾತ್ರಕ್ಕೆ ಮಗು ತಾನಾಗಿಯೇ ಸರ್ಕಾರದ ವಶಕ್ಕೆ ಹೋಗುವುದಿಲ್ಲ.

ಮಗುವಿನ ಖರ್ಚು ಯಾರದ್ದು?

ತಾಯಿ, ಮಗು ಒಂದೇ ಮನೆಯಲ್ಲಿದ್ದರೆ, ತಾಯಿಯ ಪಾಲನೆಗೆ ನೀಡುವ ಹಣದಲ್ಲೇ ಮಗುವಿನ ಊಟ, ಬಟ್ಟೆ, ವಸತಿಯ ವೆಚ್ಚವನ್ನೂ ಸೇರಿಸಬೇಕು ಎನ್ನುತ್ತದೆ ಫೆಡರಲ್ ಕಾನೂನು. ಇಬ್ಬರನ್ನೂ ಬೇರೆ ಬೇರೆ ಕಡೆ ಇರಿಸಿದರೆ ಈ ನಿಯಮ ಅನ್ವಯಿಸದು. ಹಾಗಾಗಿ ಇಬ್ಬರಿಗೂ ಜಾಗ ಕೊಡುವ ಮನೆ ಸಿಗುವುದೇ ದೊಡ್ಡ ವಿಷಯ.

2018ರಲ್ಲಿ ಬದಲಾಗಿದ್ದೇನು?

ಆ ವರ್ಷ ಜಾರಿಗೆ ಬಂದ 'ಫ್ಯಾಮಿಲಿ ಫಸ್ಟ್' ಕಾಯ್ದೆಯು ಫಾಸ್ಟರ್ ಕೇರ್‌ನಲ್ಲಿರುವ ಗರ್ಭಿಣಿಯರು ಹಾಗೂ ಎಳೆಯ ಅಪ್ಪ-ಅಮ್ಮಂದಿರಿಗೆ ಮೂರು ಸೇವೆಗಳನ್ನು ಕೊಡಲು ಫೆಡರಲ್ ಹಣ ಬಳಸಲು ಅವಕಾಶ ನೀಡಿತು:

* ಮಾನಸಿಕ ಆರೋಗ್ಯ ಸೇವೆ
* ವ್ಯಸನಮುಕ್ತಿ ಚಿಕಿತ್ಸೆ
* ಮನೆಗೇ ಬಂದು ಮಗು ಸಾಕುವ ಬಗೆ ಕಲಿಸುವ ತರಬೇತಿ

ಆದರೆ ಈ ಯೋಜನೆಗೆ ಸೇರುವುದು ಆಯಾ ರಾಜ್ಯಗಳ ಇಚ್ಛೆ.

18 ತುಂಬಿದ ಮೇಲೆ?

2008ರ ಕಾನೂನಿನಂತೆ ರಾಜ್ಯಗಳು ಬಯಸಿದರೆ ಫಾಸ್ಟರ್ ಕೇರ್ ನೆರವನ್ನು 21 ವರ್ಷದವರೆಗೂ ಮುಂದುವರಿಸಬಹುದು. ಅಂದರೆ ಕೈಗೂಸಿನ ತಾಯಿಗೆ 18 ತುಂಬಿದ ಕೂಡಲೇ ಆಸರೆ ತಪ್ಪುತ್ತದೆಯೇ ಎಂಬುದು ಆಕೆ ಯಾವ ರಾಜ್ಯದಲ್ಲಿದ್ದಾಳೆ ಎಂಬುದನ್ನು ಅವಲಂಬಿಸಿದೆ.

ಭಾರತದಲ್ಲಿ, 2015ರ ಬಾಲನ್ಯಾಯ ಕಾಯ್ದೆಯಡಿ ಮಕ್ಕಳ ಪಾಲನಾ ಸಂಸ್ಥೆಗಳಿಂದ 18ಕ್ಕೆ ಹೊರಬರುವವರಿಗೆ ಆರ್ಥಿಕ ನೆರವಿಗೆ ಅವಕಾಶವಿದೆ. ಮಿಷನ್ ವಾತ್ಸಲ್ಯದಲ್ಲಿ ಇದು ತಿಂಗಳಿಗೆ 4,000 ರೂಪಾಯಿ. ಸಂಕಷ್ಟದಲ್ಲಿರುವ ಮಕ್ಕಳು 1098ಕ್ಕೆ ಉಚಿತವಾಗಿ ಕರೆ ಮಾಡಬಹುದು.