ಬೆವರು, ನೀರು ಮತ್ತು ಉಪ್ಪು

ಓಟ ಮುಗಿಸಿ ಬೆವರಿನಲ್ಲಿ ತೊಯ್ದು ಬಂದ ಮಗಳನ್ನು ಕಂಡೊಡನೆ ನೀರಿನ ಚೊಂಬನ್ನು ನೀಡದ ತಾಯಿಯುಂಟೇ? ಆದರೆ ಆ ನೀರು ಎಷ್ಟಿರಬೇಕು, ಅದರೊಡನೆ ಉಪ್ಪು ಬೇಕೋ ಬೇಡವೋ ಎಂಬ ವಿಷಯದಲ್ಲಿ ಅನೇಕರಿಗೆ ಸರಿಯಾದ ತಿಳುವಳಿಕೆಯಿಲ್ಲ.

ಬೆವರಿನಲ್ಲಿ ನೀರು ಮಾತ್ರವಲ್ಲದೆ ಉಪ್ಪೂ ಹೊರಬೀಳುವುದು. 1923ರಲ್ಲಿ ಮಾಸ್ ಎಂಬ ಆಂಗ್ಲ ಪಂಡಿತನು, ಬಿಸಿಯಾದ ಕಲ್ಲಿದ್ದಲ ಗಣಿಗಳಲ್ಲಿ ದುಡಿದು ಬರಿಯ ನೀರನ್ನು ಬಹಳವಾಗಿ ಕುಡಿಯುವವರಿಗೆ ಸ್ನಾಯುಸೆಳೆತ ಉಂಟಾಗುವುದನ್ನು ಕಂಡು, ನೀರಿಗೆ ತುಸು ಉಪ್ಪು ಬೆರಸಬೇಕೆಂದು ತಿಳಿಸಿದನು. ಮುಂದೆ ಆಟಗಾರರಿಗೂ ಉಪ್ಪಿನ ಗುಳಿಗೆಗಳನ್ನು ಕೊಡುವ ರೂಢಿ ಬಂದಿತು. ಆದರೆ ದಿನವೆಲ್ಲ ಗಣಿಯಲ್ಲಿ ಬೇಯುವವನೆಲ್ಲಿ, ಅರ್ಧ ಗಂಟೆ ಥ್ರೋಬಾಲ್ ಆಡುವ ಬಾಲೆಯೆಲ್ಲಿ!

ಒಂದು ಲೀಟರ್ ರಕ್ತದಲ್ಲಿ ಸೋಡಿಯಂ ಎಂಬ ಲವಣಾಂಶವು 135ರಿಂದ 145 ಮಿಲಿಮೋಲ್‌ಗಳಷ್ಟಿರುವುದು. ಬೆವರಿನಲ್ಲಿ ಇದು ಬಹಳ ಕಡಿಮೆ. ಆದುದರಿಂದ ಬೆವರಿದ ಮಾತ್ರಕ್ಕೆ ರಕ್ತದ ಉಪ್ಪು ತೆಳುವಾಗುವುದಿಲ್ಲ. ಬೆವರಿದುದಕ್ಕಿಂತ ಹೆಚ್ಚಾಗಿ ಕುಡಿದಾಗಲೇ ಅದು ಹೆಚ್ಚಾಗಿ ತೆಳುವಾಗುವುದು. ಆಗ ನೀರು ಮಿದುಳಿನೊಳಕ್ಕೆ ಸೇರಿ, ಅದು ಊದಿಕೊಳ್ಳುವುದು. ಅಮೇರಿಕದ ಬಾಸ್ಟನ್ ನಗರದಲ್ಲಿ 2002ರಲ್ಲಿ ನಡೆದ ಮ್ಯಾರಥಾನ್ ಓಟದ ತರುವಾಯ 488 ಮಂದಿಯ ರಕ್ತವನ್ನು ಪರೀಕ್ಷಿಸಲಾಗಿ, ನೂರಕ್ಕೆ 13 ಮಂದಿಯಲ್ಲಿ ಸೋಡಿಯಂ ಕುಗ್ಗಿತ್ತು. ಮೂವರಲ್ಲಿ ಪ್ರಾಣಾಪಾಯದ ಮಟ್ಟಕ್ಕಿಳಿದಿತ್ತು. ಆ ವರ್ಷದ ಓಟದಲ್ಲಿ ಇದೇ ಕಾರಣದಿಂದ ಒಬ್ಬ ತರುಣಿಯು ಅಸುನೀಗಿದಳು. ಓಡುತ್ತಿರುವಾಗಲೇ ಯಾರ ತೂಕವು ಹೆಚ್ಚಿತೋ ಅವರಲ್ಲಿಯೇ ಈ ದೋಷವು ವಿಶೇಷವಾಗಿ ಕಾಣಿಸಿತು. ಲವಣ ಬೆರಸಿದ ಸಿಹಿ ಪಾನೀಯವನ್ನು ಕುಡಿದವರಿಗೂ ಅದರಿಂದ ರಕ್ಷೆ ದೊರೆಯಲಿಲ್ಲ. ಅಂಥ ಪಾನೀಯದ ಉಪ್ಪು ರಕ್ತದ ಉಪ್ಪಿಗಿಂತ ಎಷ್ಟೋ ಕಡಿಮೆಯಾದುದರಿಂದ, ಮಿತಿಮೀರಿದರೆ ಅದೂ ನೀರಿನಂತೆಯೇ.

ಹಾಗೆಂದು ನೀರನ್ನೇ ಕೊಡದಿರುವುದು ಇನ್ನೊಂದು ತಪ್ಪು. ಬಿಸಿಲಿನ ಆಘಾತವೂ ಕೊಲ್ಲಬಲ್ಲುದು. ಒಂದು ಗಂಟೆಯೊಳಗಿನ ಆಟಕ್ಕೆ ಬಾಯಾರಿದಷ್ಟು ನೀರು ಸಾಕು. ಹೋದ ಉಪ್ಪು ಮನೆಯ ಅನ್ನ ಸಾರಿನಿಂದಲೇ ಕೂಡಿಬರುವುದು. ಬಿಸಿಲಿನಲ್ಲಿ ಬಹು ಹೊತ್ತು ಓಡುವವರಿಗೆ ಚಿಟಿಕೆ ಉಪ್ಪಿನ ನೀರುಮಜ್ಜಿಗೆ ಒಳ್ಳೆಯದು. ಎಳನೀರನ್ನು ನಾವು ಬಹಳ ಹೊಗಳುತ್ತೇವೆ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಸ್ವಲ್ಪ. ಉಪ್ಪಿನ ಗುಳಿಗೆಗಳಿಂದ ಹೊಟ್ಟೆ ತೊಳಸಿ ವಾಂತಿಯಾಗುವುದುಂಟು. ರಕ್ತದೊತ್ತಡ ಅಥವಾ ಮೂತ್ರಪಿಂಡದ ರೋಗವಿರುವವರು ವೈದ್ಯರನ್ನು ಕೇಳದೆ ಅವನ್ನು ಸೇವಿಸತಕ್ಕದ್ದಲ್ಲ.

ದೀರ್ಘ ಓಟದ ಬಳಿಕ ಹುಡುಗಿಗೆ ತಲೆನೋವು, ವಾಂತಿ, ಮಂಕು ಕವಿದಂತಹ ಮಾತು ಕಂಡುಬಂದರೆ, ನೀರು ಸಾಲದೆಂದು ಭಾವಿಸಿ ಮತ್ತಷ್ಟು ಕುಡಿಸಬೇಡಿರಿ. ಕೂಡಲೇ ವೈದ್ಯರ ಬಳಿಗೆ ಕರೆದೊಯ್ದು, ಅವಳು ಎಷ್ಟು ಕುಡಿದಿದ್ದಳೆಂಬುದನ್ನು ಮೊದಲು ತಿಳಿಸಿರಿ.