ಗಾಜಿನ ತೊಟ್ಟಿಯಲ್ಲಿ ಜಲಸಸ್ಯಗಳ ಕೃಷಿ

ರೋಣ, ನರಗುಂದ, ಗಜೇಂದ್ರಗಡಗಳ ಎರೆನಾಡಿನಲ್ಲಿ ನೀರು ಅಳೆದು ಬಳಸುವ ವಸ್ತು. ಅಂಥಲ್ಲಿ ನೀರಿನೊಳಗೆ ತೋಟ ಮಾಡುವ ಮಾತು ವಿನೋದವೆನಿಸಬಹುದು. ಆದರೆ ಒಂದು ಕೊಡ ನೀರು, ಒಂದು ಗಾಜಿನ ತೊಟ್ಟಿ, ಗೇಣುದ್ದದ ಒಂದು ಕಾಂಡ ಇಷ್ಟಿದ್ದರೆ ಸಸ್ಯಜೀವನದ ಹಲವು ರಹಸ್ಯಗಳನ್ನು ನಾವು ಮನೆಯಲ್ಲಿಯೇ ಕಾಣಬಹುದು.

ಇದಕ್ಕೆ ತಕ್ಕ ಸಸ್ಯವೆಂದರೆ ಹೈಡ್ರಿಲ್ಲಾ. ಕೆರೆಹೊಂಡಗಳಲ್ಲಿ ಮುಳುಗಿ ಬೆಳೆಯುವ ಇದರ ತೆಳುವಾದ ಕಾಂಡದಲ್ಲಿ ಅಲ್ಲಲ್ಲಿ ಗಿಣ್ಣುಗಳಿದ್ದು, ಪ್ರತಿಯೊಂದು ಗಿಣ್ಣನ್ನೂ ಚಿಕ್ಕ ಎಲೆಗಳು ಸುತ್ತುವರಿದಿರುತ್ತವೆ. ಭೌತವಿಜ್ಞಾನಿಯಾಗಿದ್ದ ಜಗದೀಶಚಂದ್ರ ಬೋಸರು ದ್ಯುತಿಸಂಶ್ಲೇಷಣದ ವೇಗವನ್ನಳೆಯಲು ಆರಿಸಿಕೊಂಡುದು ಈ ಸಸ್ಯವನ್ನೇ. ಆ ಪ್ರಯೋಗಗಳನ್ನು ಕುರಿತ ಅವರ ಗ್ರಂಥವು 1924ರಲ್ಲಿ ಪ್ರಕಟವಾಯಿತು.

ಕತ್ತರಿಸಿದ ತುಂಡು ಸಾಯದೆ ಬೇರು ಬಿಡುವುದೇಕೆ? ಕಾಂಡದ ತುದಿಯಲ್ಲಿ ಆಕ್ಸಿನ್ ಎಂಬ ಪ್ರಚೋದಕ ದ್ರವ್ಯವು ಉತ್ಪನ್ನವಾಗಿ ಕೆಳಮುಖವಾಗಿ ಸಾಗುತ್ತಿರುತ್ತದೆ. ಇದನ್ನು ಡಚ್ ವಿಜ್ಞಾನಿ ವೆಂಟ್ ಎಂಬವರು 1928ರಲ್ಲಿ ಓಟ್ಸ್ ಮೊಳಕೆಗಳ ಮೂಲಕ ತೋರಿಸಿಕೊಟ್ಟರು. ಕತ್ತರಿಸಿದೆಡೆಯಲ್ಲಿ ಅದರ ದಾರಿ ಮುಗಿಯುವುದರಿಂದ ಅಲ್ಲಿಯೇ ಅದು ಶೇಖರವಾಗಿ ಬೇರುಗಳನ್ನು ಪ್ರಚೋದಿಸುತ್ತದೆ. ಇತ್ತ ತುದಿಯನ್ನು ಕಳೆದುಕೊಂಡ ತಾಯಿಗಿಡದಲ್ಲಿ, ಆಕ್ಸಿನ್ನಿನ ಹಿಡಿತದಿಂದ ಬಿಡುಗಡೆ ಹೊಂದಿದ ಪಕ್ಕದ ಮೊಗ್ಗುಗಳು ಚಿಗುರುತ್ತವೆ. ಹೀಗೆ ಒಂದೇ ಕತ್ತರಿಯ ಪೆಟ್ಟಿನಿಂದ ಎರಡು ಕಡೆ ಬೆಳವಣಿಗೆಯಾಗುತ್ತದೆ!

ಇನ್ನು ವಿಧಾನವನ್ನು ನೋಡೋಣ. ಎರೆಮಣ್ಣು ನೀರನ್ನು ಕದಡುವುದರಿಂದ ಅದು ಬೇಡ. ಚೆನ್ನಾಗಿ ತೊಳೆದ ಉಸುಕನ್ನು ತೊಟ್ಟಿಯ ತಳದಲ್ಲಿ ಎರಡು ಅಂಗುಲ ಹರಡಬೇಕು. ನಳದ ನೀರಾದರೆ ಅದರ ಕ್ಲೋರಿನ್ ಹೊರಟುಹೋಗುವಂತೆ ಒಂದು ದಿನ ತೆರೆದ ಪಾತ್ರೆಯಲ್ಲಿಡಬೇಕು. ತುದಿಯಿಂದ ನಾಲ್ಕೈದು ಅಂಗುಲ ಉದ್ದದ ತುಂಡನ್ನು ಗಿಣ್ಣಿನ ತುಸು ಕೆಳಗೆ ಹರಿತವಾದ ಕತ್ತರಿಯಿಂದ ಕತ್ತರಿಸಿ, ಕೆಳಗಿನ ಎರಡು ಗಿಣ್ಣುಗಳ ಎಲೆಗಳನ್ನು ತೆಗೆದು, ಆ ಗಿಣ್ಣುಗಳು ಉಸುಕಿನಲ್ಲಿ ಹುದುಗುವಂತೆ ನೆಡಬೇಕು. ಬೆಳಗಿನ ಎಳೆಬಿಸಿಲು ಬೀಳುವ ಕಿಟಕಿ ಉತ್ತಮ. ನಡುಹಗಲಿನ ಬಿಸಿಲಿನಲ್ಲಿ ನೀರು ಕಾಯುತ್ತದೆ, ಹಾವಸೆಯೂ ಹೆಚ್ಚುತ್ತದೆ. ಒಂದೆರಡು ವಾರಗಳಲ್ಲಿ ಬಿಳಿಯ ಬೇರುಗಳು ಕಾಣಿಸಿಕೊಳ್ಳುತ್ತವೆ.

ನಮ್ಮ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಇದರಿಂದ ಗಿಡ ಬದುಕಲಾರದೆಂದು ಹೆದರಬೇಕಾಗಿಲ್ಲ. ನೀರಿನಲ್ಲಿ ಇಂಗಾಲಾಮ್ಲವಾಯುವು ಕಡಿಮೆಯಾದಾಗ ಹೈಡ್ರಿಲ್ಲಾ ಬೈಕಾರ್ಬೊನೇಟನ್ನೇ ಬಳಸಿಕೊಳ್ಳಬಲ್ಲುದು. ಎಲೆಗಳ ಮೇಲೆ ಕೆಲವೊಮ್ಮೆ ಕಾಣುವ ಬಿಳಿಯ ಪುಡಿಯು ಆಗ ಒತ್ತರಿಸಿದ ಸುಣ್ಣವೇ ಆಗಿದೆ. ಆದರೆ ಒಂದು ಎಚ್ಚರಿಕೆ ಅಗತ್ಯ. ಬೇಸಿಗೆಯಲ್ಲಿ ಆವಿಯಾಗುವುದು ನೀರು ಮಾತ್ರ, ಲವಣಗಳು ಉಳಿಯುತ್ತವೆ. ಕೇವಲ ಮೇಲಿಂದ ನೀರು ತುಂಬುತ್ತ ಹೋದರೆ ಗಡಸುತನವು ಏರುತ್ತದೆ. ಆದುದರಿಂದ ವಾರಕ್ಕೊಮ್ಮೆ ಕಾಲುಭಾಗ ಹಳೆಯ ನೀರನ್ನು ತೆಗೆದು ಹೊಸದನ್ನು ಹಾಕಬೇಕು. ತೆಗೆದ ನೀರನ್ನು ಅಂಗಳದ ಗಿಡಗಳಿಗೆ ಹಾಕಬಹುದು.

ಬಿಸಿಲು ಬಿದ್ದಾಗ ಎಲೆಗಳ ಮೇಲೆ ಬೆಳ್ಳಿಯ ಮಣಿಗಳಂತೆ ಗುಳ್ಳೆಗಳು ಹೊಳೆಯುತ್ತವೆ. ಅವು ಆಮ್ಲಜನಕವು ಹೆಚ್ಚಾಗಿರುವ ಗುಳ್ಳೆಗಳು. ನೀರಿನಿಂದ ವಾಯುವಿನೆಡೆಗೆ ಓರೆಯಾಗಿ ಬರುವ ಬೆಳಕು ಪೂರ್ಣ ಆಂತರಿಕ ಪ್ರತಿಫಲನ ಹೊಂದುವುದರಿಂದ ಅವಕ್ಕೆ ಈ ಕಾಂತಿ. ನಿಮಿಷಕ್ಕೆ ಏಳುವ ಗುಳ್ಳೆಗಳನ್ನು ನೆರಳಿನಲ್ಲಿಯೂ ಬಿಸಿಲಿನಲ್ಲಿಯೂ ಎಣಿಸಿ ನೋಡಿದರೆ ಬೆಳಕಿನ ಪ್ರಭಾವವು ಸ್ಪಷ್ಟವಾಗುತ್ತದೆ.

ಗಿಡ ಬೆಳೆಸುವುದು ಸುಲಭ. ಹೆಚ್ಚಾದುದನ್ನು ಎಸೆಯುವಾಗ ವಿವೇಕ ಬೇಕು. 1950ರ ದಶಕದಲ್ಲಿ ಗಾಜಿನ ತೊಟ್ಟಿಗಳ ಅಲಂಕಾರಕ್ಕೆಂದು ಅಮೆರಿಕದ ಫ್ಲಾರಿಡಾಕ್ಕೆ ಒಯ್ದ ಹೈಡ್ರಿಲ್ಲಾ, ಅಲ್ಲಿನ ಸರೋವರಗಳನ್ನೂ ಕಾಲುವೆಗಳನ್ನೂ ತುಂಬಿ, ಹತೋಟಿಗೆ ಅಪಾರ ಹಣ ವೆಚ್ಚವಾಗುವ ಪಿಡುಗಾಯಿತು. ಗಿಣ್ಣುಳ್ಳ ಚಿಕ್ಕ ಚೂರೊಂದೇ ಹೊಸ ಗಿಡಕ್ಕೆ ಸಾಕಷ್ಟೆ! ಹೈಡ್ರಿಲ್ಲಾ ನಮ್ಮ ನಾಡಿನದೇ ಆದರೂ, ಅಂಗಡಿಗಳಲ್ಲಿ ದೊರೆಯುವ ಕಬೋಂಬಾ ಅಮೆರಿಕ ಖಂಡದಿಂದ ಬಂದುದು. ನರಗುಂದ, ರೋಣಗಳ ಹೊಲಗಳು ನೀರಿಗಾಗಿ ಮಲಪ್ರಭಾ ಕಾಲುವೆಯ ಕಡೆ ನೋಡುತ್ತವೆ. ಕಳೆ ತುಂಬಿದ ಕಾಲುವೆಯಲ್ಲಿ ಪ್ರವಾಹದ ವೇಗ ಕುಗ್ಗಿ, ಕೊನೆಯ ಹೊಲಕ್ಕೆ ನೀರು ಮುಟ್ಟುವುದು ತಡವಾಗುತ್ತದೆ.

ಆದುದರಿಂದ ಕತ್ತರಿಸಿ ಉಳಿದ ಚೂರುಗಳನ್ನು ಕೆರೆಗಾಗಲಿ ಕಾಲುವೆಗಾಗಲಿ ಎಸೆಯದೆ, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ತಿಪ್ಪೆಗೆ ಹಾಕೋಣ. ಅಲ್ಲಿ ಅವು ಗೊಬ್ಬರವಾಗಿ ಹೊಲಕ್ಕೆ ಉಪಕಾರ ಮಾಡುವುವು.